ರಸ್ತೆಯಾಚೆಯ ಶಾಲೆ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ರಾವಂದೂರಿನಲ್ಲಿ ಜರುಗಿದ ತಂದೆತಾಯಿಯರ ಸಭೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವದ ಈ ಸಂಭ್ರಮದಲ್ಲಿ ದೇವಾಲಯದ ಇತಿಹಾಸವನ್ನು ಕುರಿತು, ಇಲ್ಲಿ ಸೇವೆ ಸಲ್ಲಿಸಿದ ಗುರುವರ್ಯರನ್ನು ಕುರಿತು ಮಾತನಾಡಲು ನಮಗಿಂತ ಅರ್ಹರಾದವರು ಅನೇಕರಿದ್ದಾರೆ. ಭಾನುವಾರದ ಜ್ಞಾನೋಪದೇಶದ ತರಗತಿಗಳನ್ನು ನಡೆಸುವ ನಮಗೆ, ಮಕ್ಕಳ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಅಪ್ಪಣೆಯಾಯಿತು. ಓದು, ಶಿಸ್ತು, ಪ್ರಾರ್ಥನೆ ಇವುಗಳನ್ನು ಕುರಿತು ನಾವು ಹೇಳಬಹುದೆಂದು ತಾವು ನಿರೀಕ್ಷಿಸಿರಬಹುದು. ನಾವು ಆರಿಸಿಕೊಂಡಿರುವುದು ಅವುಗಳಿಗಿಂತ ಸಣ್ಣದಾಗಿ ತೋರುವ ವಿಷಯ. ನಮ್ಮ ಮಕ್ಕಳು ಶಾಲೆಗೆ ಹೋಗುವಾಗ ರಸ್ತೆಯನ್ನು ದಾಟುವುದು ಹೇಗೆ ಎಂಬುದಷ್ಟೇ ಆ ವಿಷಯ. ಇದನ್ನು ಆರಿಸಿಕೊಳ್ಳಲು ಒಂದು ಕಾರಣವುಂಟು. ಅದನ್ನು ಮುಚ್ಚಿಡದೆ ಮೊದಲಿಗೇ ಹೇಳಿಬಿಡುವುದು ಲೇಸು. ಏಕೆಂದರೆ ಅದರಲ್ಲಿ ತಪ್ಪಿತಸ್ಥರು ನಾವೇ.

ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ತರಗತಿಯ ಮಕ್ಕಳನ್ನೆಲ್ಲ ಫೋಟೋ ತೆಗೆಸಲು ಗೇಟಿನ ಬಳಿ ಸಾಲಾಗಿ ನಿಲ್ಲಿಸಿದ್ದೆವು. ಎರಡನೆಯ ತರಗತಿಯ ಹುಡುಗನೊಬ್ಬ ರಸ್ತೆಯಾಚೆಯ ಅಂಗಡಿಯ ಮುಂದೆ ನಿಂತಿದ್ದ. ನಾವು ಈಚೆಯಿಂದ ಅವನ ಹೆಸರು ಹಿಡಿದು, "ಬಾರೋ ಬೇಗ, ನಿನಗೋಸ್ಕರವೇ ಕಾಯ್ತಾ ಇದ್ದೀವಿ" ಎಂದು ಕೂಗಿದೆವು. ಮಗು ನಮ್ಮ ಮುಖವನ್ನೇ ನೋಡುತ್ತ ಓಡಿ ಬಂತು. ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ. ಸಾಮಾನು ತುಂಬಿದ ಟೆಂಪೋ ಒಂದು ಕಿರ್ರೆಂದು ಬ್ರೇಕು ಹಿಡಿದು ಓರೆಯಾಗಿ ನಿಂತಿತು. ಹುಡುಗನ ಒಂದು ಚಪ್ಪಲಿ ಚಕ್ರದ ಕೆಳಗೆ ಸಿಕ್ಕಿತು, ಹುಡುಗ ಸಿಕ್ಕಲಿಲ್ಲ. ನೆರೆದವರೆಲ್ಲ ಚಾಲಕನನ್ನು ಸುತ್ತುಗಟ್ಟಿ ಬಾಯಿಗೆ ಬಂದಂತೆ ಬೈದರು. ಆತ ಏನೂ ಹೇಳದೆ ಮೋರಿಯ ಕಟ್ಟೆಯ ಮೇಲೆ ಕುಳಿತು ನೀರು ಕೇಳಿದ. ಲೋಟ ಹಿಡಿದ ಅವನ ಕೈ ನಡುಗುತ್ತಿತ್ತು. ಆಮೇಲೆ ಕೆಲವರು ಹುಡುಗನನ್ನೂ ಗದರಿಸಿದರು. ಕೂಗಿ ಕರೆದ ನಮ್ಮನ್ನು ಮಾತ್ರ ಯಾರೂ ಏನೂ ಅನ್ನಲಿಲ್ಲ. ಆ ಮೌನವೇ ನಮ್ಮನ್ನು ಈ ದಿನ ಇಲ್ಲಿ ತಂದು ನಿಲ್ಲಿಸಿದೆ.

ಈ ದೇವಾಲಯದ ಮೊದಲ ವಿಶ್ವಾಸಿಗಳ ಕಾಲವನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳೋಣ. ಆಗಿನ ನಮ್ಮ ಹಳ್ಳಿಗಳಲ್ಲಿ ದಾರಿಯೆಂದರೆ ಮನೆಯ ಅಂಗಳದ ಮುಂದುವರಿಕೆ. ಎತ್ತಿನ ಗಾಡಿ ನಡೆಯುವವನ ಜೊತೆಯಲ್ಲಿಯೇ ಸಾಗುತ್ತಿತ್ತು. ಮಗು ಅಡ್ಡ ಬಂದರೆ ಎತ್ತೇ ನಿಲ್ಲುತ್ತಿತ್ತು. ದನಗಳೂ, ಕೋಳಿಗಳೂ, ಗೋಲಿಯಾಡುವ ಹುಡುಗರೂ ಒಂದೇ ದಾರಿಯನ್ನು ಹಂಚಿಕೊಂಡಿದ್ದರು. ನಮ್ಮ ಅಜ್ಜಂದಿರು ಮನೆಗಳನ್ನೂ, ಅಂಗಡಿಗಳನ್ನೂ, ಶಾಲೆಯನ್ನೂ ದಾರಿಗೆ ಮುಖ ಮಾಡಿ ಕಟ್ಟಿದ್ದು ಅದು ಅನುಕೂಲವೆಂದೇ. ಬಳಿಕ ಆ ದಾರಿಗೆ ಜಲ್ಲಿ ಬಿತ್ತು, ಡಾಂಬರು ಬಿತ್ತು, ಅಗಲವೂ ಆಯಿತು. ಮನೆಗಳು ಮತ್ತು ಶಾಲೆಗಳು ಇದ್ದಲ್ಲಿಯೇ ಉಳಿದವು. ಅವುಗಳ ನಡುವೆ ಹರಿಯುವ ವೇಗ ಮಾತ್ರ ಹತ್ತು ಹದಿನೈದು ಪಟ್ಟು ಹೆಚ್ಚಿತು. ಹೀಗಾಗಿ ಅಂಗಳದ ಮಧ್ಯದಲ್ಲಿ ನದಿಯೊಂದು ಹುಟ್ಟಿದಂತಾಯಿತು. ನದಿಗೆ ಮಕ್ಕಳನ್ನು ಒಂಟಿಯಾಗಿ ಕಳುಹಿಸದ ನಾವು ಈ ರಸ್ತೆಗೆ ಕಳುಹಿಸುತ್ತಿದ್ದೇವೆ.

"ಹುಷಾರಾಗಿ ಹೋಗಪ್ಪ, ನೋಡಿಕೊಂಡು ದಾಟು" ಎಂದು ಹೇಳಿ ಕಳುಹಿಸದ ತಾಯಿ ನಮ್ಮಲ್ಲಿ ಒಬ್ಬಳೂ ಇಲ್ಲ. ಆದರೆ ಮಗು ನೋಡಬಲ್ಲದೇ? ಈ ಪ್ರಶ್ನೆಯನ್ನು ಸ್ವೀಡನ್ ದೇಶದ ಸ್ಟೀನಾ ಸ್ಯಾಂಡೆಲ್ಸ್ ಎಂಬ ಮನಶ್ಶಾಸ್ತ್ರಜ್ಞೆ ಗಂಭೀರವಾಗಿ ಕೈಗೆತ್ತಿಕೊಂಡರು. 1968ರಲ್ಲಿ ಆಕೆಯ ಗ್ರಂಥ ಪ್ರಕಟವಾಯಿತು. ಸಣ್ಣ ಮಕ್ಕಳನ್ನು, ಎಷ್ಟೇ ಚೆನ್ನಾಗಿ ಕಲಿಸಿದರೂ, ಇಂದಿನ ಸಂಚಾರಕ್ಕೆ ಹೊಂದಿಕೊಳ್ಳುವಂತೆ ಮಾಡಲಾಗದು. ಸುಮಾರು ಹತ್ತು ವರ್ಷದವರೆಗೆ ಆ ಶಕ್ತಿಯೇ ಅವರಲ್ಲಿ ಪೂರ್ಣವಾಗಿ ಬಲಿತಿರುವುದಿಲ್ಲ ಎಂಬುದು ಆಕೆಯ ನಿರ್ಣಯದ ಸಾರಾಂಶ. ಶಬ್ದ ಯಾವ ದಿಕ್ಕಿನಿಂದ ಬರುತ್ತಿದೆಯೆಂದು ತಿಳಿಯುವುದು, ಓರೆಗಣ್ಣಿಗೆ ಬಿದ್ದದ್ದನ್ನು ಗಮನಿಸುವುದು, ಎರಡು ವಿಷಯಗಳನ್ನು ಏಕಕಾಲದಲ್ಲಿ ಮನಸ್ಸಿನಲ್ಲಿಟ್ಟುಕೊಳ್ಳುವುದು, ಇವೆಲ್ಲ ಮಗುವಿಗೆ ವಯಸ್ಸಿನೊಡನೆ ನಿಧಾನವಾಗಿ ಬರತಕ್ಕ ಶಕ್ತಿಗಳು. 2010ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ರಾಯಲ್ ಹಾಲೊವೇ ಕಾಲೇಜಿನ ಸಂಶೋಧಕರು ಇನ್ನೊಂದು ಸಂಗತಿಯನ್ನು ತೋರಿಸಿದರು. ಗಂಟೆಗೆ ಸುಮಾರು 32 ಕಿಲೋಮೀಟರಿಗಿಂತ ವೇಗವಾಗಿ ತನ್ನೆದುರಿಗೆ ಬರುತ್ತಿರುವ ವಾಹನ ಹತ್ತಿರವಾಗುತ್ತಿದೆಯೆಂಬುದನ್ನು ಪ್ರಾಥಮಿಕ ಶಾಲೆಯ ಮಗು ಸರಿಯಾಗಿ ಗುರುತಿಸಲಾರದಂತೆ. ಎಂದರೆ, ಮಗು ನೋಡಿಯೂ ಇರುತ್ತದೆ. ಆದರೆ ಲಾರಿ ನಿಂತಿರುವಂತೆ ಅದಕ್ಕೆ ತೋರುತ್ತದೆ. "ನೋಡಿದ್ದೆನಮ್ಮ" ಎಂದು ಅಳುವ ಮಗುವನ್ನು ಸುಳ್ಳುಗಾರನೆಂದು ನಾವು ಹೊಡೆದಿದ್ದೇವಲ್ಲ, ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಇನ್ನು ಸ್ವಲ್ಪ ಲೆಕ್ಕ. ಬೇಸರಿಸಬೇಡಿ, ಇದು ನಮ್ಮ ಏಳನೆಯ ತರಗತಿಯ ಹುಡುಗರೂ ಮಾಡಬಹುದಾದ ಲೆಕ್ಕ. ಎರಡು ವಾಹನಗಳು ಎದುರುಬದುರಾಗಿ ಸರಾಗವಾಗಿ ಹೋಗುವ ರಸ್ತೆಯ ಡಾಂಬರಿನ ಅಗಲ ಸಾಮಾನ್ಯವಾಗಿ ಏಳು ಮೀಟರು. ಚೀಲ ಹೊತ್ತ ಪುಟ್ಟ ಮಗು ಸೆಕೆಂಡಿಗೆ ಒಂದು ಮೀಟರು ನಡೆಯುತ್ತದೆಂದರೆ ದಾಟಲು ಏಳು ಸೆಕೆಂಡು ಬೇಕು. ಗಂಟೆಗೆ 60 ಕಿಲೋಮೀಟರು ವೇಗದ ವಾಹನ ಆ ಏಳು ಸೆಕೆಂಡುಗಳಲ್ಲಿ ಸುಮಾರು 117 ಮೀಟರು ಬಂದಿರುತ್ತದೆ. ಆದ್ದರಿಂದ ಮಗು ದಾಟುವ ಜಾಗದಿಂದ ಎರಡೂ ಕಡೆಗೆ ನೂರಿಪ್ಪತ್ತು ಮೀಟರಾದರೂ ರಸ್ತೆ ಕಾಣಬೇಕು. ನಿಂತ ಟ್ರ್ಯಾಕ್ಟರು, ಬೇಲಿಯ ಗಿಡ, ಫ್ಲೆಕ್ಸು, ತಿರುವು, ಇವುಗಳ ನಡುವೆ ಅಷ್ಟು ದೂರ ಕಾಣುವ ಜಾಗ ನಮ್ಮ ಮಕ್ಕಳು ದಾಟುವಲ್ಲಿ ಉಂಟೇ? ದಯವಿಟ್ಟು ಮನೆಗೆ ಹೋಗುವಾಗ ಮಗುವಿನ ಎತ್ತರಕ್ಕೆ ಮಂಡಿಯೂರಿ ಕುಳಿತು ನೋಡಿ. ನಮಗೆ ಕಾಣುವುದು ಅವರಿಗೆ ಕಾಣುವುದಿಲ್ಲ. ಅವರು ಚಾಲಕನಿಗೂ ಕಾಣುವುದಿಲ್ಲ.

ಚಾಲಕನ ಕಡೆಯ ಲೆಕ್ಕವೂ ಹೀಗೆಯೇ ಇದೆ. ಅಪಾಯವನ್ನು ಕಂಡು ಕಾಲು ಬ್ರೇಕಿನ ಮೇಲೆ ಬೀಳಲು ಒಂದು ಸೆಕೆಂಡಾದರೂ ಬೇಕು. 30 ಕಿಲೋಮೀಟರು ವೇಗದಲ್ಲಿ ಬರುವ ಕಾರು, ಒಣ ರಸ್ತೆಯಲ್ಲಿ, ಕಂಡ ಜಾಗದಿಂದ ಸುಮಾರು 13 ಮೀಟರಿನೊಳಗೆ ಪೂರ್ತಿ ನಿಲ್ಲುತ್ತದೆ. 60ರಲ್ಲಿ ಬರುವ ಕಾರಿನ ಚಾಲಕ 13 ಮೀಟರು ದಾಟಿದರೂ ಇನ್ನೂ ಬ್ರೇಕನ್ನೇ ಮುಟ್ಟಿರುವುದಿಲ್ಲ; ಅದು ನಿಲ್ಲುವಷ್ಟರಲ್ಲಿ 37 ಮೀಟರು ಆಗಿರುತ್ತದೆ. ಮಳೆಗಾಲದ ಜಾರಿನಲ್ಲಿ ಇನ್ನೂ ಹೆಚ್ಚು. ಹಿಂದಿನ ಟ್ರೈಲರಿಗೆ ಬ್ರೇಕೇ ಇಲ್ಲದ ಟ್ರ್ಯಾಕ್ಟರುಗಳ ಮಾತು ಬೇರೆ ಹೇಳಬೇಕಾಗಿಲ್ಲ. ಅವು ನಮ್ಮ ನಮ್ಮ ಮನೆಯ ಮುಂದೆಯೇ ನಿಂತಿವೆ. ಮಕ್ಕಳು ಓಡಾಡುವಲ್ಲಿ ವಾಹನಗಳ ವೇಗ 30 ಕಿಲೋಮೀಟರಿಗೆ ಮೀರಬಾರದೆಂದು 2020ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ಜಾಗತಿಕ ಸಮ್ಮೇಳನ ಘೋಷಿಸಿದ್ದು ಈ ಲೆಕ್ಕದ ಆಧಾರದ ಮೇಲೆಯೇ. ನಮ್ಮ ದೇಶದಲ್ಲಿ 2022ನೆಯ ಇಸವಿಯೊಂದರಲ್ಲೇ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ 32,825 ಮಂದಿ ಯಾವ ವಾಹನದಲ್ಲಿಯೂ ಇರಲಿಲ್ಲ, ನಡೆದು ಹೋಗುತ್ತಿದ್ದರು.

ಈಗ ನಮ್ಮ ಸೀಮೆಯ ವಿಶೇಷಕ್ಕೆ ಬರೋಣ. ಪಟ್ಟಣದ ಮಗುವಿನ ಕಷ್ಟವೇ ಬೇರೆ, ಪಿರಿಯಾಪಟ್ಟಣ ಹುಣಸೂರು ತಾಲ್ಲೂಕುಗಳ ಮಗುವಿನ ಕಷ್ಟವೇ ಬೇರೆ. ಇಲ್ಲಿ ವರ್ಷವನ್ನು ನಡೆಸುವುದು ತಂಬಾಕು. ಶಾಲೆ ಆರಂಭವಾಗಿ ಕೆಲವು ವಾರಗಳಾಗುವಷ್ಟರಲ್ಲಿ ಸೊಪ್ಪು ಮುರಿಯುವ ಕಾಲ ಬರುತ್ತದೆ. ತಾಯಿ ಬೆಳಗಾಗುವ ಮುನ್ನವೇ ಹೊಲದಲ್ಲಿ. ಹಗಲೆಲ್ಲ ಕಡ್ಡಿಗೆ ಸೊಪ್ಪು ಕಟ್ಟುವ ಕೆಲಸ. ತಂದೆ ರಾತ್ರಿಯೆಲ್ಲ ಬ್ಯಾರನ್ನಿನ ಉರಿ ಕಾಯ್ದು ಬೆಳಿಗ್ಗೆ ಕಣ್ಣು ಬಿಡಲಾರದ ಸ್ಥಿತಿಯಲ್ಲಿರುತ್ತಾನೆ. ಮಗುವಿನ ಕೈ ಹಿಡಿದು ರಸ್ತೆ ದಾಟಿಸಲು ಮನೆಯಲ್ಲಿ ಯಾರಿದ್ದಾರೆ? ಅದೇ ತಿಂಗಳುಗಳಲ್ಲಿ ಬ್ಯಾರನ್ನಿಗೆ ಸೌದೆ ಹೊತ್ತ ಲಾರಿಗಳು ಬರುತ್ತವೆ, ಅದೇ ತಿಂಗಳುಗಳಲ್ಲಿ ಮಳೆ. ಮುಂದೆ ಕಗ್ಗುಂಡಿ, ಕಂಪಲಾಪುರದ ಹರಾಜು ಮಾರುಕಟ್ಟೆಗಳು ತೆರೆದ ಮೇಲೆ ಬೇಲುಗಳನ್ನು ಹೇರಿದ ವಾಹನಗಳು ಸಾಲುಗಟ್ಟುತ್ತವೆ. ಹೊತ್ತಿಗೆ ಮುನ್ನ ತಲುಪಬೇಕೆಂಬ ಆತುರ ಎಲ್ಲರದೂ. ಹೀಗೆ, ರಸ್ತೆ ಅತ್ಯಂತ ಅಪಾಯಕಾರಿಯಾಗಿರುವ ತಿಂಗಳುಗಳೇ ತಂದೆತಾಯಿಗೆ ಅತ್ಯಂತ ಬಿಡುವಿಲ್ಲದ ತಿಂಗಳುಗಳು. "ಮಕ್ಕಳನ್ನು ಹೆತ್ತವರೇ ನೋಡಿಕೊಳ್ಳಲಿ" ಎಂದು ಹೇಳುವವರು ಇದನ್ನು ಯೋಚಿಸಬೇಕು. ಬೆಳೆಯನ್ನು ಬಿಟ್ಟು ಬರಲಾಗದ ಮನೆಯ ಮಗುವನ್ನು ಬೆಳೆಯಿಲ್ಲದ ಮನೆಯವರು ದಾಟಿಸಬೇಕು. ಬೇರೆ ದಾರಿ ನಮಗಂತೂ ತೋರುವುದಿಲ್ಲ.

ನಮ್ಮದೇ ಕೆಲವು ರೂಢಿಗಳನ್ನೂ ಹೇಳಲೇಬೇಕು. ಸುಗ್ಗಿಯಲ್ಲಿ ಹುರುಳಿಯನ್ನೂ ರಾಗಿಯನ್ನೂ ಡಾಂಬರಿನ ಮೇಲೆ ಹರಡಿ ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸಿಕೊಳ್ಳುವುದು ಈಗ ಎಲ್ಲೆಡೆ ಕಾಣುವ ಸಂಗತಿ. ಕಣ ಮಾಡಿ ಸಗಣಿ ಸಾರಿಸುವ ಆಳುಗಳಿಲ್ಲ ಎಂಬುದು ನಿಜ. ರೈತನನ್ನು ನಾವು ದೂರುವುದಿಲ್ಲ. ಆದರೆ ಅರ್ಧ ರಸ್ತೆ ಹುರುಳಿಗೆ ಹೋದರೆ ಉಳಿದ ಅರ್ಧದಲ್ಲಿ ಎರಡೂ ಕಡೆಯ ವಾಹನಗಳು, ಅಂಚಿನಲ್ಲಿ ಮಕ್ಕಳು. ಅಂಚಿಗೆ ಕಲ್ಲು ಜೋಡಿಸಿದ್ದರೆ ಕತ್ತಲಾದ ಮೇಲೆ ಅವು ಅಲ್ಲಿಯೇ ಉಳಿದು ಬೈಕಿನವರನ್ನು ಕೆಡವುತ್ತವೆ. ಶಾಲೆಯ ಮುಂದಿನ ಇನ್ನೂರು ಹೆಜ್ಜೆಯನ್ನಾದರೂ ಬಿಟ್ಟು ಹರಡುವುದು ಅಸಾಧ್ಯವೇ?

ಎರಡನೆಯದು, ಹದಿನಾಲ್ಕು ಹದಿನೈದರ ಹುಡುಗನ ಕೈಗೆ ಬೈಕಿನ ಕೀಲಿ ಕೊಡುವ ನಮ್ಮ ವಾತ್ಸಲ್ಯ. ತಮ್ಮನನ್ನೂ ತಂಗಿಯನ್ನೂ ಹಿಂದೆ ಕೂರಿಸಿಕೊಂಡು ಅಣ್ಣ ಶಾಲೆಗೆ ಬಿಟ್ಟು ಬರುತ್ತಾನೆಂದು ನಾವು ಹೆಮ್ಮೆಪಡುತ್ತೇವೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ, ಅಪ್ರಾಪ್ತ ವಯಸ್ಕನು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ಉಂಟು. ಕಾನೂನನ್ನು ಹೇಳಿ ಹೆದರಿಸುವುದು ನಮ್ಮ ಉದ್ದೇಶವಲ್ಲ. ಆದರೆ ನಮ್ಮ ಬೀದಿಯ ಮಗುವಿಗೆ ಅಪಾಯವಾಗುವುದು ಹೊರಗಿನ ಲಾರಿಯಿಂದಷ್ಟೇ ಎಂದು ತಿಳಿದರೆ ನಮ್ಮನ್ನು ನಾವೇ ವಂಚಿಸಿಕೊಂಡಂತೆ.

ರಸ್ತೆಯುಬ್ಬಿನ ವಿಷಯದಲ್ಲಿಯೂ ನಮ್ಮದು ವಿಚಿತ್ರ ನಡವಳಿಕೆ. ಅನಾಹುತವಾಗುವವರೆಗೆ ಅರ್ಜಿ ಬರೆಯುವುದಿಲ್ಲ. ಆದ ದಿನ ರಸ್ತೆ ತಡೆ, ಮರುದಿನ ಮಣ್ಣು ಕಲ್ಲು ಗುಡ್ಡೆ ಹಾಕಿ ನಾವೇ ಉಬ್ಬು ಕಟ್ಟುವುದು. ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆ ಉಬ್ಬಿಗೂ ಒಂದು ಅಳತೆ ಹಾಕಿಕೊಟ್ಟಿದೆ: ಅಗಲ 3.7 ಮೀಟರು, ನಡುವೆ ಎತ್ತರ 10 ಸೆಂಟಿಮೀಟರು. ವಾಹನ ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ಅದರ ಮೇಲೆ ಸುಖವಾಗಿ ಹತ್ತಿ ಇಳಿಯುತ್ತದೆ, ಅದಕ್ಕಿಂತ ವೇಗವಾದರೆ ಎತ್ತಿ ಹಾಕುತ್ತದೆ. ಅದಕ್ಕೆ ಬಣ್ಣ ಬೇಕು, ಮುಂಚಿತವಾಗಿ ಎಚ್ಚರಿಕೆಯ ಫಲಕ ಬೇಕು. ಕತ್ತಲಲ್ಲಿ ಕಾಣದ, ಗೋಡೆಯಂತೆ ನೆಟ್ಟಗೆ ನಿಂತ ದಿಣ್ಣೆಯಿಂದ ಶಾಲೆಯ ಮಕ್ಕಳು ಉಳಿಯಬಹುದು, ಆದರೆ ಬೈಕಿನ ಹಿಂದೆ ಕುಳಿತ ಗರ್ಭಿಣಿ ಬೀಳುತ್ತಾಳೆ. ಸರಿಯಾದ ಉಬ್ಬನ್ನು, ಜೀಬ್ರಾ ಪಟ್ಟೆಯನ್ನು, ಶಾಲೆಯ ಫಲಕವನ್ನು ಲೋಕೋಪಯೋಗಿ ಇಲಾಖೆಯಿಂದ ಕೇಳಿ ಪಡೆಯಬೇಕು. ಕೇಳುವ ಜಾಗವೂ ಉಂಟು. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುವ ಪದ್ಧತಿ ಇದೆಯಷ್ಟೆ. ಅಲ್ಲಿ ಮಗುವೇ ಎದ್ದು ನಿಂತು, "ಇಲ್ಲಿ ದಾಟಲು ನನಗೆ ಭಯವಾಗುತ್ತದೆ" ಎಂದು ಹೇಳಿದರೆ, ನಮ್ಮ ಹತ್ತು ಅರ್ಜಿಗಳಿಗಿಂತ ಅದಕ್ಕೆ ಹೆಚ್ಚಿನ ತೂಕವುಂಟು.

ಮಕ್ಕಳಿಗೆ ಕಲಿಸುವುದೇ ಬೇಡವೆಂದು ನಾವು ಹೇಳಿದಂತಾಗಬಾರದು. ಕಲಿಸಬೇಕು, ಆದರೆ ಹತ್ತು ನಿಯಮಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿ ಪ್ರಯೋಜನವಿಲ್ಲ. ನಮ್ಮ ರಸ್ತೆಗೆ ಬೇಕಾದ ಒಂದೆರಡನ್ನು ನಡೆಸಿ, ತೋರಿಸಿ, ಮತ್ತೆ ಮತ್ತೆ ಮಾಡಿಸಬೇಕು. ಅವುಗಳಲ್ಲಿ ಮುಖ್ಯವಾದದ್ದು ಬಸ್ಸಿನ ವಿಷಯ. ಪಿರಿಯಾಪಟ್ಟಣದ ಕಡೆಯಿಂದಲೋ ಬೆಟ್ಟದಪುರದ ಕಡೆಯಿಂದಲೋ ಬಂದ ಬಸ್ಸು ನಿಲ್ಲುತ್ತದೆ, ಮಕ್ಕಳು ದಬದಬನೆ ಇಳಿಯುತ್ತಾರೆ, ನಿಂತ ಬಸ್ಸಿನ ಮೂತಿಯ ಮುಂದಿನಿಂದಲೇ ರಸ್ತೆಗೆ ನುಗ್ಗುತ್ತಾರೆ. ಬಸ್ಸಿನ ಚಾಲಕನಿಗೆ ತನ್ನ ಬಂಪರಿನ ಕೆಳಗಿನ ಮಗು ಕಾಣದು. ಬಸ್ಸನ್ನು ಹಿಂದಿಕ್ಕಿ ಬರುವ ಕಾರಿನವನಿಗೂ ಕಾಣದು. ಇಳಿದ ಮಗು ಬಸ್ಸು ಹೊರಟುಹೋಗುವವರೆಗೆ ಕದಲದೆ ನಿಲ್ಲಬೇಕು. ಬಸ್ಸು ಹೋದ ಮೇಲೆ ರಸ್ತೆ ತಾನಾಗಿಯೇ ತೆರೆದುಕೊಳ್ಳುತ್ತದೆ. ಈ ಒಂದೇ ಪಾಠವನ್ನು ಒಂದು ತಿಂಗಳು ಕಲಿಸಿದರೂ ಸಾಕೆಂದು ನಮ್ಮ ಅಭಿಪ್ರಾಯ.

ಇನ್ನೊಂದು, ನಾವು ಶಾಲೆಯಲ್ಲಿ ಕಲಿತದ್ದನ್ನೇ ತಿದ್ದಿಕೊಳ್ಳಬೇಕಾದ ಮಾತು. "ರಸ್ತೆಯ ಎಡಬದಿಯಲ್ಲಿ ನಡೆ" ಎಂದು ನಮಗೆ ಮೇಷ್ಟ್ರು ಹೇಳಿಕೊಟ್ಟಿದ್ದರು. ಅದು ವಾಹನಗಳಿಗೆ ಸರಿ. ಪಾದಚಾರಿ ಮಾರ್ಗವಿಲ್ಲದ ಹಳ್ಳಿಯ ರಸ್ತೆಯಲ್ಲಿ ನಡೆಯುವವನು ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನವನ್ನು ಕಾಣುತ್ತ ನಡೆಯುವುದೇ ಕ್ಷೇಮ. ಬೆನ್ನ ಹಿಂದಿನಿಂದ ಬರುವುದನ್ನು ಯಾರು ತಾನೆ ನೋಡಬಲ್ಲರು? ಪಾದಚಾರಿ ಮಾರ್ಗವನ್ನು ಬಳಸುವುದು ಸಂವಿಧಾನದ 21ನೆಯ ವಿಧಿಯೊಳಗೆ ಅಡಕವಾದ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಹೇಳಿದೆ. ಆ ಹಕ್ಕು ನಮ್ಮ ಹೋಬಳಿಯವರೆಗೆ ನಡೆದು ಬರಲು ಎಷ್ಟು ಕಾಲ ಬೇಕೋ; ಅಲ್ಲಿಯವರೆಗೆ ಬಲಬದಿಯೇ ಗತಿ.

ಅನ್ಯದೇಶಗಳಲ್ಲಿ ಏನು ಮಾಡಿದ್ದಾರೆ ಎಂಬುದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಬ್ರಿಟನ್ನಿನಲ್ಲಿ ಜೀಬ್ರಾ ಪಟ್ಟೆ 1951ರಲ್ಲಿ ಬಂತು. ಎರಡೇ ವರ್ಷಗಳಲ್ಲಿ, 1953ರಲ್ಲಿ, ಶಾಲೆಯ ಹೊತ್ತಿನಲ್ಲಿ ಮಕ್ಕಳನ್ನು ದಾಟಿಸಲು ನಿಲ್ಲುವವರಿಗಾಗಿಯೇ ಅಲ್ಲಿ ಒಂದು ಕಾಯಿದೆಯಾಯಿತು. ಬರಿಯ ಪಟ್ಟೆ ಬಳಿದರೆ ಸಾಲದು, ಪಟ್ಟೆಯ ಬಳಿ ಮನುಷ್ಯನೊಬ್ಬ ಬೇಕು ಎಂದು ಅವರಿಗೆ ಬೇಗನೆ ತಿಳಿಯಿತು. ಕೋಲಿನ ತುದಿಗೆ ದುಂಡನೆಯ ಫಲಕ ಕಟ್ಟಿಕೊಂಡು ನಿಲ್ಲುವ ಅವರಲ್ಲಿ ನಿವೃತ್ತರೂ ಗೃಹಿಣಿಯರೂ ಹೆಚ್ಚು. ಜಪಾನಿನಲ್ಲಿ ಒಂದೇ ಕೇರಿಯ ಮಕ್ಕಳು ಒಂದೆಡೆ ಸೇರಿ, ದೊಡ್ಡ ಮಗು ಮುಂದೆ, ಸಣ್ಣವು ನಡುವೆ, ಸಾಲಾಗಿ ಶಾಲೆಗೆ ನಡೆಯುತ್ತಾರೆ. ದಾಟುವಲ್ಲಿ ಊರಿನ ಹಿರಿಯರು ಹಳದಿ ಬಾವುಟ ಹಿಡಿದು ನಿಂತಿರುತ್ತಾರೆ. ಇದಕ್ಕೆ ದೊಡ್ಡ ಹಣ ಬೇಕಿಲ್ಲ ಎಂಬುದನ್ನು ಗಮನಿಸಬೇಕು.

ನಮ್ಮ ಸಮೀಪದಲ್ಲಿಯೇ ಇನ್ನೊಂದು ಪಾಠವಿದೆ. 2023ರ ಮಾರ್ಚ್ 12ರಂದು ಬೆಂಗಳೂರು ಮೈಸೂರು ಹೆದ್ದಾರಿಯ ಉದ್ಘಾಟನೆಯಾಯಿತು. ವಾಹನಗಳಿಗೆ ಅದು ವರವಾದರೂ, ಹೊಲ ಒಂದು ಕಡೆ, ಮನೆ ಇನ್ನೊಂದು ಕಡೆಯಾದ ಹಳ್ಳಿಗರು ಬೇಲಿ ದಾಟಿ ಪ್ರಾಣ ಕಳೆದುಕೊಂಡರು. ಆ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಲ್ಲಿ ನಿಷೇಧಿಸಬೇಕಾಯಿತು. ಮೇಲ್ಸೇತುವೆಗಳಿಗಾಗಿ ಜನರು ಆಮೇಲೆ ಕೂಗಿಡಬೇಕಾಯಿತು. ಅದೇ ಮಾರ್ಚ್ 12ರಂದೇ ಮೈಸೂರು ಕುಶಾಲನಗರಗಳ ನಡುವಣ 92 ಕಿಲೋಮೀಟರಿನ ನಾಲ್ಕು ಪಥದ ಹೆದ್ದಾರಿಗೂ ಅಡಿಗಲ್ಲಿಟ್ಟಿದ್ದಾರೆ. ಅದು ನಮ್ಮ ಸೀಮೆಯ ರಸ್ತೆ. ಯಾವ ಹಳ್ಳಿಯ ಮಕ್ಕಳು ಯಾವ ಶಾಲೆಗೆ ಯಾವ ಜಾಗದಲ್ಲಿ ದಾಟುತ್ತಾರೆಂಬುದನ್ನು ಕಾಗದದ ಮೇಲೆ ಬರೆದು ಕೊಡುವ ಕೆಲಸ ಮುಂಚೆಯೇ ಆಗಬೇಕು. ಕಾಂಕ್ರೀಟು ಬಿದ್ದ ಮೇಲೆ ಅಲ್ಲ.

ಒಂದು ಸಣ್ಣ ಭಯವನ್ನೂ ನಿವಾರಿಸಬೇಕಾಗಿದೆ. ಅಪಘಾತವಾದಾಗ ಎತ್ತಲು ಹೋದರೆ ಪೊಲೀಸು, ಸಾಕ್ಷಿ, ಕೋರ್ಟು ಎಂದು ಹಿಂಜರಿಯುವವರುಂಟು. ಗಾಯಗೊಂಡವರಿಗೆ ನೆರವಾದವರನ್ನು ರಕ್ಷಿಸಲು ನಮ್ಮ ರಾಜ್ಯದ ಶಾಸನಸಭೆ 2016ರಲ್ಲಿಯೇ ಪ್ರತ್ಯೇಕ ಕಾನೂನನ್ನು ಅಂಗೀಕರಿಸಿತು. 2019ರ ತಿದ್ದುಪಡಿಯಿಂದ ಕೇಂದ್ರದ ಕಾಯಿದೆಯಲ್ಲಿಯೂ ಆ ರಕ್ಷಣೆ ಸೇರಿದೆ. ಅದಕ್ಕೆ ಇಟ್ಟ ಹೆಸರು ನಮ್ಮ ಸುವಾರ್ತೆಯ ಒಳ್ಳೆಯ ಸಮಾರಿಯದವನದು ಎಂಬುದನ್ನು ಈ ಸಭೆಯಲ್ಲಿ ನೆನಪಿಸಬೇಕಾಗಿಲ್ಲ. ಆ ಕಥೆಯೂ ಒಂದು ರಸ್ತೆಯ ಕಥೆಯೇ.

ಇನ್ನು ನಮ್ಮ ವಿನಂತಿ. ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ, ಸಂಜೆ ನಾಲ್ಕರಿಂದ ಐದರವರೆಗೆ, ದಿನಕ್ಕೆ ಎರಡು ಗಂಟೆ, ಶಾಲೆಯ ಮುಂದೆ ಇಬ್ಬರು ನಿಲ್ಲಬೇಕು. ರಸ್ತೆಯ ಈಚೆಗೆ ಒಬ್ಬರು, ಆಚೆಗೆ ಒಬ್ಬರು. ಯಾರೂ ಆಚೆಯಿಂದ ಮಗುವನ್ನು ಕೂಗಿ ಕರೆಯಕೂಡದು. ಕರೆಯಬೇಕಾದರೆ ತಾವೇ ದಾಟಿ ಹೋಗಿ ಕೈಹಿಡಿದು ಕರೆತರಬೇಕು. ಇದು ನಮಗೆ ನಾವೇ ವಿಧಿಸಿಕೊಂಡ ಮೊದಲನೆಯ ನಿಯಮ. ವಾಹನಗಳನ್ನು ತಡೆಯುವ ಅಧಿಕಾರ ನಮಗಿಲ್ಲ. ಮಕ್ಕಳನ್ನು ತಡೆಯುವ ಅಧಿಕಾರ ಉಂಟು. ಹತ್ತು ಮಕ್ಕಳು ಸೇರುವವರೆಗೆ ಅಂಚಿನಲ್ಲಿ ನಿಲ್ಲಿಸಿ, ರಸ್ತೆ ಬರಿದಾದಾಗ ಒಟ್ಟಾಗಿ ದಾಟಿಸಿದರಾಯಿತು. ಠಾಣೆಗೂ ಮುಖ್ಯೋಪಾಧ್ಯಾಯರಿಗೂ ಮೊದಲೇ ತಿಳಿಸಿ ಅವರ ಒಪ್ಪಿಗೆ ಪಡೆಯಬೇಕು. ಶಾಲೆಗೆ ಬರುವ ಎಲ್ಲ ಮತದ ಮಕ್ಕಳೂ ಇದರಲ್ಲಿ ಸೇರಿದವರೇ. ನಿಲ್ಲಲು ಬರುವ ಎಲ್ಲ ಮತದ ಹಿರಿಯರಿಗೂ ಸ್ವಾಗತ.

ಹನ್ನೆರಡು ಮಂದಿ ಸಿಕ್ಕರೆ ಒಬ್ಬೊಬ್ಬರ ಪಾಲಿಗೆ ವಾರಕ್ಕೆ ಒಂದು ದಿನ ಬರುತ್ತದೆ. ನಾವು ನಾಲ್ವರು ಈಗಾಗಲೇ ಹೆಸರು ಬರೆದಿದ್ದೇವೆ. ಆ ಟೆಂಪೋ ಚಾಲಕನನ್ನೂ ಕೇಳಿದ್ದೇವೆ. ಬಾಡಿಗೆಯಿಲ್ಲದ ಶುಕ್ರವಾರಗಳಂದು ಬಂದು ನಿಲ್ಲುತ್ತೇನೆಂದು ಆತ ಒಪ್ಪಿದ್ದಾನೆ. ಸೊಪ್ಪು ಮುಗಿಯುವವರೆಗೆ ಬ್ಯಾರನ್ನಿನ ಮನೆಯವರನ್ನು ನಾವು ಕೇಳುವುದಿಲ್ಲ. ಹರಾಜು ಮುಗಿದ ಮೇಲೆ ಅವರ ಸರದಿ. ಹೆಸರು ಬರೆಯುವ ಪುಸ್ತಕ ದೇವಾಲಯದ ಬಾಗಿಲಿನ ಬಳಿ, ಕಾಣಿಕೆ ಪೆಟ್ಟಿಗೆಯ ಪಕ್ಕದ ಮೇಜಿನ ಮೇಲಿದೆ. ಪೆನ್ನನ್ನು ದಾರದಿಂದ ಕಟ್ಟಿದ್ದೇವೆ.